ಕೌಂಟರಿನಿಂದ ಆಪರೇಷನ್ ಥಿಯೇಟರಿನ ಬಾಗಿಲಿಗೆ: ಕೋರ್ಸಿಗೆ ದುಡ್ಡು ಕಟ್ಟಬೇಕೇ?

ವೈದ್ಯಕೀಯ ಉಪಕರಣ ಮಾರಾಟದ ಕೋರ್ಸಿಗೆ ಸೇರಬೇಕೇ ಎಂದು ಕೇಳಲು ನಮ್ಮ ಬಳಿ ಬಂದ ಸಲಹಾರ್ಥಿ 25 ವರ್ಷದ ಯುವಕ, ಅವಿವಾಹಿತ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷದಿಂದ ಕುಶಾಲನಗರ ಕಡೆಯ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ, ತಿಂಗಳಿಗೆ 13,000 ರೂಪಾಯಿ. ಮನೆಗೆ ಸುಂಟಿಕೊಪ್ಪ ಕಡೆ ಮೂರು ಎಕರೆ ರೋಬಸ್ಟಾ ಕಾಫಿ ತೋಟ. ಹತ್ತು ವಾರಗಳಲ್ಲಿ ನಾಲ್ಕು ಭೇಟಿ ನಡೆದವು, ಮೊದಲ ಎರಡಕ್ಕೆ ತಂದೆಯೂ ಬಂದಿದ್ದರು. ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ತಂದ ಪ್ರಶ್ನೆ

"ಸರ್, ನಾಳೆ ರಾತ್ರಿ 12ರೊಳಗೆ ಕಟ್ಟಿದ್ರೆ ಇಪ್ಪತ್ತು ಸಾವಿರ ಬಿಡ್ತಾರಂತೆ. ಕಟ್ಟಲಾ, ಬೇಡ್ವಾ, ಅಷ್ಟು ಹೇಳಿ ಸಾಕು."

ತಂದೆಯ ಮಾತು ಬೇರೆಯಿತ್ತು. "ಕರಿಮೆಣಸು ಕೊಟ್ಟ ದುಡ್ಡು ಬ್ಯಾಂಕಲ್ಲಿದೆ. ಮಗ ಒಂದು ದಡ ಸೇರ್ತಾನೆ ಅಂದ್ರೆ ಕಟ್ಟೋಣ. ಆದ್ರೆ ಅದು ಎಂಥ ಕೆಲಸ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ."

ಕೋರ್ಸಿನ ಹೆಸರಲ್ಲಿ ವೈದ್ಯಕೀಯ ಉಪಕರಣಗಳ ಮಾರಾಟ ಇತ್ತು. ಎಂಟು ವಾರ, ಶನಿವಾರ ಭಾನುವಾರ, ಪೂರ್ತಿ ಆನ್‌ಲೈನ್. ಶುಲ್ಕ 1,40,000, 'ಇವತ್ತೇ ಸೇರಿದರೆ' 1,20,000. ಮೇಲೆ ಶೇ. 18ರ ಜಿಎಸ್‌ಟಿ ಸೇರಿ 1,41,600. ಒಟ್ಟಿಗೆ ಕಟ್ಟಲಾಗದಿದ್ದರೆ ತಿಂಗಳಿಗೆ 11,800ರಂತೆ ಹನ್ನೆರಡು ಕಂತು. 13,000 ಸಂಬಳದಲ್ಲಿ ಅಷ್ಟು ಹೋದರೆ ಉಳಿಯುವುದು 1,200. ಈ ಕಳೆಯುವ ಲೆಕ್ಕವನ್ನು ಹಾಳೆಯ ಮೇಲೆ ಅವರಿಂದಲೇ ಮಾಡಿಸಿದೆವು.

ಗಡುವು ಹಾಕಿ ಕೇಳುವ ದುಡ್ಡಿನ ವಿಷಯದಲ್ಲಿ ಮೊದಲ ಸಲಹೆ ಯಾವಾಗಲೂ ಒಂದೇ: ಗಡುವು ದಾಟಲಿ. ಎರಡು ವಾರ ಕಾದರು. ಮೂರನೇ ದಿನ ಅದೇ ರಿಯಾಯಿತಿ 'ನಿಮಗೋಸ್ಕರ' ಎಂದು ಮತ್ತೆ ಫೋನಿಗೆ ಬಂತು.

ಕೋರ್ಸಿನ ಮಾತಿನ ಹಿಂದೆ ಇನ್ನೊಂದು ಸಂಗತಿಯಿತ್ತು. ಹುತ್ತರಿ ಹಬ್ಬಕ್ಕೆ ಮನೆಯವರೆಲ್ಲ ಸೇರಿದಾಗ ಬೆಂಗಳೂರಿನ ಅಣ್ಣ ತಮ್ಮಂದಿರ ಕೆಲಸದ ಮಾತು ಬರುತ್ತದೆ, ಈತ 'ಮೆಡಿಕಲ್‌ನಲ್ಲಿದ್ದೀನಿ' ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಕೌಂಟರು ಬಿಡಬೇಕು ಎನ್ನುವುದು ಒಂದು ಪ್ರಶ್ನೆ, ಈ ಕೋರ್ಸಿಗೆ ಕಟ್ಟಬೇಕೇ ಎನ್ನುವುದು ಇನ್ನೊಂದು. ಎರಡೂ ಗಂಟುಬಿದ್ದು, ಕೋರ್ಸು ಬೇಡ ಎಂದರೆ ಜೀವನಪೂರ್ತಿ ಕೌಂಟರಿನಲ್ಲೇ ಇರು ಎಂದ ಹಾಗೆ ಅವರಿಗೆ ಕೇಳಿಸುತ್ತಿತ್ತು. ಗಂಟು ಬಿಡಿಸುವುದಕ್ಕೇ ಮೊದಲ ಭೇಟಿ ಮುಗಿಯಿತು.

ಕರಪತ್ರ ಓದಿದ್ದು

ಎರಡನೇ ಭೇಟಿಯಲ್ಲಿ ಕರಪತ್ರವನ್ನು ಸಾಲು ಸಾಲಾಗಿ ಓದಿದೆವು. ದೊಡ್ಡಕ್ಷರದಲ್ಲಿದ್ದದ್ದು '100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್'. ಅಸಿಸ್ಟೆನ್ಸ್ ಎಂದರೆ ನೆರವು. ರೆಸ್ಯೂಮೆ ತಿದ್ದಿಕೊಟ್ಟು ನಾಲ್ಕು ಕಂಪನಿಗೆ ಮೇಲ್ ಹಾಕಿದರೆ ಆ ಮಾತು ಉಳಿಸಿಕೊಂಡಂತೆಯೇ. ಕೆಲಸ ಕೊಡಿಸುತ್ತೇವೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಪಠ್ಯಕ್ರಮ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಅಮೆರಿಕದ ಎಫ್‌ಡಿಎ 510(ಕೆ) ಎಂಬ ಮಾರಾಟದ ಅನುಮತಿ, ಅಲ್ಲಿನ ಆಸ್ಪತ್ರೆಗಳು ಮಾರಾಟಗಾರರಿಗೆ ಕೇಳುವ ವೆಂಡರ್ ಕ್ರೆಡೆನ್ಷಿಯಲಿಂಗ್ ಎಂಬ ಅರ್ಹತಾ ದಾಖಲೆ, ರೋಗಿಗಳ ಮಾಹಿತಿಯ ಗೌಪ್ಯತೆಗಿರುವ ಹಿಪ್ಪಾ ಕಾನೂನು, ಅಲ್ಲಿನ ಬಿಲ್ಲಿಂಗ್ ಕೋಡುಗಳು. ಅಮೆರಿಕದಲ್ಲಿ ಮಾರುವವರಿಗೆ ಇವೆಲ್ಲ ಬೇಕು. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಮಾರುವವರಿಗೆ ಬೇಕಾದ 2017ರ ವೈದ್ಯಕೀಯ ಸಾಧನಗಳ ನಿಯಮಗಳು, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ಮಾಡಿರುವ ನಾಲ್ಕು ವರ್ಗ, 2017ರಲ್ಲೇ ಸ್ಟೆಂಟು ಮತ್ತು ಮಂಡಿ ಇಂಪ್ಲಾಂಟಿಗೆ ಸರ್ಕಾರ ಹಾಕಿದ ಬೆಲೆಮಿತಿ, ಟೆಂಡರ್ ಪದ್ಧತಿ, ಇವುಗಳಲ್ಲಿ ಒಂದೂ ಆ ಕರಪತ್ರದಲ್ಲಿರಲಿಲ್ಲ. ಉಪಕರಣವನ್ನು ಕೈಯಲ್ಲಿ ಹಿಡಿಯುವ ಒಂದು ಗಂಟೆಯೂ ಇರಲಿಲ್ಲ.

ಮನೆಗೆ ಹೋಗಿ ಮಾಡಲು ಒಂದು ಕೆಲಸ ಕೊಟ್ಟೆವು. ಹಿಂದಿನ ಬ್ಯಾಚಿನ ಹತ್ತು ಜನರ ಹೆಸರು, ಸೇರಿದ ಕಂಪನಿ, ಹುದ್ದೆ ಕೇಳಿ, ಮೂವರಿಗೆ ನೀವೇ ಫೋನ್ ಮಾಡಿ. ಅವರನ್ನು ಕೇಳಬೇಕಾದದ್ದು 'ಕೋರ್ಸ್ ಚೆನ್ನಾಗಿತ್ತಾ' ಎಂದಲ್ಲ. 'ಸೇರುವ ಮೊದಲು ಏನು ಕೆಲಸದಲ್ಲಿದ್ರಿ, ಈ ಕೆಲಸದ ಸುದ್ದಿ ಯಾರು ಕೊಟ್ರು' ಎಂದು. ಸಂಸ್ಥೆ ಹತ್ತರ ಬದಲು ನಾಲ್ಕು ಹೆಸರು ಕೊಟ್ಟಿತು. ಇಬ್ಬರು ಸಿಕ್ಕಿದರು. ಒಬ್ಬರು ಮೊದಲೇ ಆರು ವರ್ಷ ಔಷಧ ಕಂಪನಿಯ ರೆಪ್ (ಮಾರಾಟ ಪ್ರತಿನಿಧಿ) ಆಗಿದ್ದವರು, ಇನ್ನೊಬ್ಬರು ಬಯೋಮೆಡಿಕಲ್ ಎಂಜಿನಿಯರ್. ಇಬ್ಬರಿಗೂ ಕೆಲಸ ಸಿಕ್ಕಿದ್ದು ಪರಿಚಯದವರಿಂದ.

ಕಂತಿನ ಬಗ್ಗೆಯೂ ಹೇಳಬೇಕಾಯಿತು. ಇಂಥ ಕಡೆ ಕಂತು ಎಂದರೆ ಬಹುಪಾಲು ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿ ಕೊಡುವ ಸಾಲ. ಎರಡು ತರಗತಿ ನೋಡಿ ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ, ಮುಂದೆ ಬೈಕಿನ ಸಾಲಕ್ಕೂ ತೊಡಕು. ಸಹಿ ಹಾಕುವ ಮೊದಲು ಸಾಲದ ಮುಖ್ಯಾಂಶ ಪತ್ರ ಕೇಳಿ ಪಡೆಯಬೇಕು, ದಂಡವಿಲ್ಲದೆ ಸಾಲ ಹಿಂದಿರುಗಿಸಬಹುದಾದ ಅವಧಿ ಎಷ್ಟೆಂದು ಅದರಲ್ಲಿ ಬರೆದಿರುತ್ತದೆ. ಈಗಾಗಲೇ ಕಟ್ಟಿ ಮೋಸ ಹೋದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ತರಬೇತಿ ಸಂಸ್ಥೆಗಳ ಸುಳ್ಳು ಜಾಹೀರಾತಿನ ವಿರುದ್ಧ 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ.

ಕೆಲಸ ಎಂದರೆ ಯಾವುದು

ತಂದೆ ಕೇಳಿದ ಪ್ರಶ್ನೆಯೇ ನಿಜವಾದ ಪ್ರಶ್ನೆ. ಮುರಿದ ಮೂಳೆ ಕೂಡಿಸುವ ಪ್ಲೇಟು, ಸ್ಕ್ರೂಗಳಂಥ ಮೂಳೆ ಇಂಪ್ಲಾಂಟ್ ಮಾರುವವರ ಒಂದು ದಿನವನ್ನು ತೆಗೆದುಕೊಂಡು ವಿವರಿಸಿದೆವು. ಕೊಡಗಿನಲ್ಲಿ ಮೆಣಸಿನ ಏಣಿಯಿಂದ, ಮರ ಕಪಾತು ಮಾಡುವಾಗ ಕೊಂಬೆಯಿಂದ ಜನ ಬೀಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಮುಂಗೈ ಮೂಳೆ ಮುರಿದವರಿಗೆ ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದುಕೊಳ್ಳಿ. ಇಂಪ್ಲಾಂಟು, ಉಪಕರಣಗಳ ಸೆಟ್ಟು ಇಂದು ಸಂಜೆಯೇ ಆಸ್ಪತ್ರೆ ಸೇರಬೇಕು. ತೊಳೆದು, ಕಟ್ಟಿ, ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿ, ಒಣಗಿ ತಣಿಯಲು ಗಂಟೆಗಟ್ಟಲೆ ಬೇಕು. ಸ್ಟೀಲಿನ ಟ್ರೇಯಲ್ಲಿ ಪ್ಲೇಟುಗಳು, 3.5 ಮಿ.ಮೀ. ಸ್ಕ್ರೂಗಳು, 10 ಮಿ.ಮೀ. ಉದ್ದದಿಂದ ಮೇಲಕ್ಕೆ 2 ಮಿ.ಮೀ. ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ಹಿಂದಿನ ಕೇಸಿನಲ್ಲಿ 18ರ ಸ್ಕ್ರೂ ಖಾಲಿಯಾಗಿ ಯಾರೂ ತುಂಬದಿದ್ದರೆ? 16 ಹಾಕಿದರೆ ಮೂಳೆಯ ಆಚೆ ಗೋಡೆಯನ್ನು ಕಚ್ಚುವುದಿಲ್ಲ, 20 ಹಾಕಿದರೆ ತುದಿ ಆಚೆ ಚಾಚಿಕೊಂಡು ಸ್ನಾಯುರಜ್ಜುವಿಗೆ ತಾಗಬಹುದು. ಸಾಮಾನ್ಯ 3.5 ಕಾರ್ಟಿಕಲ್ ಸ್ಕ್ರೂಗೆ 2.5 ಮಿ.ಮೀ. ಡ್ರಿಲ್ ಬಿಟ್, ಪ್ಲೇಟಿಗೇ ಬಿಗಿದುಕೊಳ್ಳುವ ಅದೇ ಅಳತೆಯ ಲಾಕಿಂಗ್ ಸ್ಕ್ರೂಗೆ 2.8. ಕಾರ್ಟಿಕಲ್‌ಗೆ 2.8ರಲ್ಲಿ ಕೊರೆದರೆ ಎಳೆಗಳಿಗೆ ಹಿಡಿತ ಸಾಲದು. ಥಿಯೇಟರಿನಲ್ಲಿ ರೆಪ್ ಏನನ್ನೂ ಮುಟ್ಟುವಂತಿಲ್ಲ. ಸ್ಟೆರೈಲ್ ಜಾಗದಿಂದ ದೂರ ನಿಂತು, ಸಿಸ್ಟರ್ ಕೇಳಿದಾಗ ಯಾವ ಬಿಟ್ ಎಲ್ಲಿದೆ ಎಂದು ತಡವರಿಸದೆ ಹೇಳಬೇಕು. ಮುಗಿದ ಮೇಲೆ ಟ್ರೇ ಎಣಿಸಿ, ಬಳಸಿದ ಇಂಪ್ಲಾಂಟುಗಳ ಬ್ಯಾಚ್ ನಂಬರ್ ಕೇಸ್ ಶೀಟಿಗೆ ಏರಿದೆಯೇ ನೋಡಿ, ಡೆಲಿವರಿ ಚಲನ್ ಪ್ರಕಾರ ಉಳಿದದ್ದನ್ನು ವಾಪಸ್ ತಂದು, ಬಿಲ್ ಮಾಡಿಸಿ, ಆಮೇಲೆ ಎರಡು ಮೂರು ತಿಂಗಳು ದುಡ್ಡಿಗಾಗಿ ಅಲೆಯಬೇಕು.

ಟ್ರೇ ಮೈಸೂರಿನ ಗೋದಾಮಿನಿಂದ ಬರುವುದಾದರೆ ಮಡಿಕೇರಿಗೆ ಸುಮಾರು 120 ಕಿ.ಮೀ., ನಮ್ಮ ಜಿಲ್ಲೆಗೆ ರೈಲಿಲ್ಲ. ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ ಎಂದು 2018ರ ಆಗಸ್ಟ್ ಕಂಡವರಿಗೆ ಹೇಳಬೇಕಿಲ್ಲ. ಯಾವ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಎಷ್ಟು ಹೊತ್ತಿಗೆ ತಲಪುತ್ತದೆ, ರಸ್ತೆ ಬಂದಾದರೆ ಸೆಟ್ಟನ್ನು ಮೊದಲೇ ಯಾರ ಬಳಿ ಇರಿಸಬಹುದು ಎಂದು ತಿಳಿದವನನ್ನು ಡಿಸ್ಟ್ರಿಬ್ಯೂಟರ್ ಬಿಡುವುದಿಲ್ಲ. ಇದನ್ನು ಯಾವ ಆನ್‌ಲೈನ್ ತರಗತಿಯೂ ಕಲಿಸುವುದಿಲ್ಲ.

ಇನ್ನು ಉತ್ಪನ್ನದ ಜ್ಞಾನ. ಅದನ್ನು ಕಂಪನಿಗಳು ಕೆಲಸಕ್ಕೆ ತೆಗೆದುಕೊಂಡ ಮೇಲೆ ತಮ್ಮ ಖರ್ಚಿನಲ್ಲೇ ಕಲಿಸುತ್ತವೆ. ಒಂದು ಕಂಪನಿಯ ಸೆಟ್ಟಿನಂತೆ ಇನ್ನೊಂದರದು ಇರುವುದಿಲ್ಲವಾದ್ದರಿಂದ, ಹೊರಗೆ ಕಲಿತು ಬಂದವರಿಗೂ ಮೊದಲಿನಿಂದ ಪಾಠವಾಗುತ್ತದೆ.

ಕೈಯಲ್ಲೇ ಇದ್ದದ್ದು

ಎರಡು ವರ್ಷ ಕೌಂಟರಿನಲ್ಲಿ ಏನೇನು ಮಾರಿದಿರಿ ಎಂದು ಕೇಳಿದೆವು. ಮಾತ್ರೆ, ಸಿರಪ್ ಎಂದು ಶುರುಮಾಡಿದರು. ಮುಂದೆ ಬಂದ ಪಟ್ಟಿ ನೋಡಿ ಅವರಿಗೇ ಅಚ್ಚರಿ. ಗ್ಲುಕೋಮೀಟರ್, ನೆಬ್ಯುಲೈಜರ್, ಪಲ್ಸ್ ಆಕ್ಸಿಮೀಟರ್, ಡಿಜಿಟಲ್ ಬಿಪಿ ಯಂತ್ರ. ದಪ್ಪ ತೋಳಿನವರಿಗೆ ಚಿಕ್ಕ ಕಫ್ (ತೋಳಿಗೆ ಸುತ್ತುವ ಪಟ್ಟಿ) ಹಾಕಿದರೆ ಬಿಪಿ ಹೆಚ್ಚು ತೋರಿಸುತ್ತದೆ ಎಂದು ಗಿರಾಕಿಗೆ ವಿವರಿಸಿ ದೊಡ್ಡ ಕಫ್ ಕೊಟ್ಟದ್ದು ಅವರಿಗೆ ನೆನಪಿತ್ತು. ಡೆಮೋ ಎಂದರೆ ಅದೇ. ಪಕ್ಕದ ನರ್ಸಿಂಗ್ ಹೋಮಿಗೆ ಹಸಿರು 18, ಗುಲಾಬಿ 20, ನೀಲಿ 22, ಹಳದಿ 24 ಗೇಜಿನ ಕ್ಯಾನುಲಾಗಳಲ್ಲಿ (ಡ್ರಿಪ್ ಹಾಕುವ ನಳಿಕೆ) ಯಾವುದು ವಾರಕ್ಕೆಷ್ಟು ಹೋಗುತ್ತದೆ, ಯಾವ ಬ್ರ್ಯಾಂಡನ್ನು ಸಿಸ್ಟರ್‌ಗಳು ವಾಪಸ್ ಕಳಿಸುತ್ತಾರೆ ಎಂಬುದೂ ಬಾಯಿಪಾಠ. ವೈದ್ಯಕೀಯ ಉಪಕರಣ ಮಾರಾಟಕ್ಕೆ ಈತ ಹೊಸಬರೇನಲ್ಲ.

ಪದವಿಗೂ ಬೆಲೆಯಿದೆ. ಔಷಧ ಮಾರಾಟದ ಲೈಸೆನ್ಸ್ ಇಲ್ಲದೆ ಉಪಕರಣ ಮಾರುವ ಅಂಗಡಿ ಅಥವಾ ಗೋದಾಮು ಎಂಡಿ-42 ನೋಂದಣಿ ಪಡೆಯಬೇಕು, ಅದಕ್ಕೆ ಪದವೀಧರರೋ, ನೋಂದಾಯಿತ ಫಾರ್ಮಸಿಸ್ಟರೋ, ಪಿಯುಸಿ ಮುಗಿಸಿ ಉಪಕರಣ ಮಾರಾಟದಲ್ಲಿ ಒಂದು ವರ್ಷ ಅನುಭವ ಇರುವವರೋ ತಾಂತ್ರಿಕ ಸಿಬ್ಬಂದಿಯಾಗಿ ಇರಬೇಕು. ಸಣ್ಣ ಡಿಸ್ಟ್ರಿಬ್ಯೂಟರ್‌ಗೆ ಇದು ಉಪಯೋಗಕ್ಕೆ ಬರುವ ಮಾತು.

ಕೊಟ್ಟ ಸಲಹೆ

ಈ ಕೋರ್ಸಿಗೆ ಕಟ್ಟಬೇಡಿ ಎಂದು ನೇರವಾಗಿ ಹೇಳಿದೆವು. ಆಪ್ತಸಲಹೆಯಲ್ಲಿ ನಿರ್ಧಾರ ಸಲಹಾರ್ಥಿಯದೇ ಎಂಬುದು ಸರಿ, ಆದರೆ ವರ್ಷದ ಮೆಣಸಿನ ದುಡ್ಡು ಹೋಗುವಾಗ ಸುತ್ತಿ ಬಳಸಿ ಮಾತಾಡುವುದು ನ್ಯಾಯವಲ್ಲ.

ಬದಲಿಗೆ ಆರು ವಾರದ ಕೆಲಸ. ಮನೆಯಿಂದ 40 ಕಿ.ಮೀ. ಒಳಗಿನ ಹದಿನೈದು ಆಸ್ಪತ್ರೆ, ನರ್ಸಿಂಗ್ ಹೋಮ್, ಲ್ಯಾಬುಗಳ ಪಟ್ಟಿ ಮಾಡಬೇಕು. ಹಾಸಿಗೆ ಎಷ್ಟು, ಯಾವ ಯಾವ ಶಸ್ತ್ರಚಿಕಿತ್ಸೆ, ಸಾಮಾನು ಯಾರಿಂದ ಬರುತ್ತದೆ, ಆರ್ಡರಿಗೆ ಸಹಿ ಯಾರದು. ಸರ್ಕಾರಿ ಆಸ್ಪತ್ರೆಗಳನ್ನು ಬೇರೆ ಹಾಳೆಯಲ್ಲಿ ಬರೆಯಬೇಕು, ಅಲ್ಲಿ ಖರೀದಿ ಸರ್ಕಾರಿ ಖರೀದಿಗಿರುವ 1999ರ ಪಾರದರ್ಶಕತೆ ಕಾಯ್ದೆಯಂತೆ ಬಹುಪಾಲು ಟೆಂಡರಿನಲ್ಲಿ ನಡೆಯುತ್ತದೆ, ಡಾಕ್ಟರಿಗೆ ಇಷ್ಟವಾದರೂ ನೇರ ಆರ್ಡರ್ ಸಾಮಾನ್ಯವಾಗಿ ಸಿಗುವುದಿಲ್ಲ. ಒಂದೇ ಒಂದು ಬಗೆಯ ಉತ್ಪನ್ನವನ್ನು ಆರಿಸಿ ಮೂರು ಕಂಪನಿಗಳ ಬಳಕೆ ಸೂಚನೆಯ ಹಾಳೆ ಓದಬೇಕು. ಅಂಗರಚನೆಗೆ, ಉಪಕರಣಗಳ ಮೂಲತತ್ವಕ್ಕೆ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ. ಏಳು ನಿಮಿಷದ ಡೆಮೋ ಒಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಬೇಕು. ಆಮೇಲೆ ಆ ಪಟ್ಟಿ ಹಿಡಿದು ಮೈಸೂರಿನ ಐದು ಡಿಸ್ಟ್ರಿಬ್ಯೂಟರ್‌ಗಳನ್ನು ಕಾಣಬೇಕು. ಮೊದಲ ಪರಿಚಯಕ್ಕೆ, ಕೌಂಟರಿಗೆ ವಾರವಾರ ಆರ್ಡರ್ ಕೇಳಿಕೊಂಡು ಬರುವ ಸರ್ಜಿಕಲ್ ಸಾಮಾನಿನವರು ಸಾಕು. ಬಸ್ಸು, ಊಟ, ಪ್ರಿಂಟು, ಒಂದು ಜೊತೆ ಶೂ ಸೇರಿ 6,000 ರೂಪಾಯಿ ಎಂದು ಲೆಕ್ಕ ಹಾಕಿದೆವು.

ತಪ್ಪಿದ್ದೂ ಇದೆ. ಮೊದಲ ಆಸ್ಪತ್ರೆಗೆ ಬೆಳಿಗ್ಗೆ ಹತ್ತೂವರೆಗೆ, ಒಪಿಡಿ ತುಂಬಿದ ಹೊತ್ತಿನಲ್ಲಿ ಹೋಗಿ ಸ್ಟೋರಿನವರಿಂದ ಬೈಸಿಕೊಂಡು ಬಂದರು. ಮಧ್ಯಾಹ್ನ ಎರಡೂವರೆಯ ಮೇಲೆ ಹೋದಾಗ ಅದೇ ವ್ಯಕ್ತಿ ಕೂರಿಸಿ ಮಾತಾಡಿದರು. ಮೈಸೂರಿನ ಮೊದಲ ಸಂದರ್ಶನದಲ್ಲಿ ಟ್ರೇ ಮುಂದಿಟ್ಟು ಡೆಪ್ತ್ ಗೇಜ್ (ಕೊರೆದ ರಂಧ್ರದ ಆಳ ಅಳೆಯುವ ಸಾಧನ) ತೋರಿಸಿ ಎಂದರಂತೆ, ಗೊತ್ತಾಗಲಿಲ್ಲ. ಮೂರನೇ ಭೇಟಿಗೆ ಕುಗ್ಗಿಹೋಗಿ ಬಂದಿದ್ದರು, 'ಕೋರ್ಸ್ ಮಾಡಿದ್ರೆ ಗೊತ್ತಿರ್ತಿತ್ತು' ಎಂದರು. ಆ ಕೋರ್ಸಿನಲ್ಲಿ ಟ್ರೇ ಇರಲಿಲ್ಲ ಎಂದು ನೆನಪಿಸಿದೆವು. ಅದೇ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ, ಎರಡು ದಿನ ಗೋದಾಮಿನಲ್ಲಿ ಟ್ರೇ ತುಂಬುವ ಕೆಲಸ ಪುಕ್ಕಟೆ ಮಾಡುತ್ತೇನೆ, ನೋಡಲು ಬಿಡಿ ಎಂದು ಕೇಳಿಸಿದೆವು. ಒಪ್ಪಿದರು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಎಚ್ಚರಿಸಿದೆವು. ಯಾರಾದರೂ 'ಡಾಕ್ಟರಿಗೆ ಕವರ್ ತಲುಪಿಸಿ ಬಾ' ಎಂದರೆ ಬೇಡ ಎನ್ನಬೇಕು. ಉಪಕರಣ ಮಾರಾಟಕ್ಕೂ 2024ರಲ್ಲಿ ಮಾರಾಟದ ನಡವಳಿಕೆಯ ಏಕರೂಪ ಸಂಹಿತೆ ಬಂದಿದೆ, ವೈದ್ಯರಿಗೆ ಉಡುಗೊರೆ ಕೊಡುವುದನ್ನು ಅದು ನಿಷೇಧಿಸುತ್ತದೆ. ಸಿಕ್ಕಿಬಿದ್ದ ದಿನ ಮಾಲೀಕರಲ್ಲ, ಕವರ್ ಹಿಡಿದ ಹುಡುಗ ಮುಂದೆ ನಿಂತಿರುತ್ತಾನೆ.

ಈಗಿನ ಸ್ಥಿತಿ

ಕಂಡ ಐವರು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಇಬ್ಬರು ಕರೆದರು. ಒಬ್ಬರಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲೆ, 15,500 ಸಂಬಳ ಮತ್ತು ಪೆಟ್ರೋಲ್ ಖರ್ಚಿಗೆ ಸೇರಿಕೊಂಡಿದ್ದಾರೆ. ವಾರದಲ್ಲಿ ನಾಲ್ಕು ದಿನ ಕೊಡಗು, ಎರಡು ದಿನ ಮೈಸೂರು. ರಾತ್ರಿ ಮಳೆಯಲ್ಲಿ ಬೈಕಿನಲ್ಲಿ ಟ್ರೇ ತರುವುದು ತಂದೆಗೆ ಸಮಾಧಾನವಿಲ್ಲ. ಕತ್ತಲಾದ ಮೇಲೆ ಸೆಟ್ಟು ಬಸ್ಸಿಗೇ ಹಾಕುವುದೆಂದು ಮಾಲೀಕರ ಜೊತೆ ಮಾತಾಗಿದೆ.

ನಾಲ್ಕನೇ ಭೇಟಿಗೆ ಮತ್ತೆ ಒಂದು ದುಡ್ಡಿನ ತರಬೇತಿಯ ಪ್ರಶ್ನೆ ತಂದಿದ್ದರು. ಎರಡು ದಿನ, ಪ್ಲಾಸ್ಟಿಕ್ ಮೂಳೆಯ ಮೇಲೆ ಪ್ಲೇಟು, ಸ್ಕ್ರೂ ಕೂರಿಸುವ ಅಭ್ಯಾಸ, 8,000 ರೂಪಾಯಿ. ಇದಕ್ಕೆ ಹೋಗಿ ಎಂದೆವು. ನಾಳೆ ಥಿಯೇಟರಿನಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿ ಕೈಗೆ ಹತ್ತುತ್ತದೆ, ಕಲಿತದ್ದನ್ನು ಬಳಸಲು ಕೆಲಸವೂ ಈಗಾಗಲೇ ಇದೆ. ಅರ್ಧ ಶುಲ್ಕ ತಾನು ಕೊಡುತ್ತೇನೆಂದು ಮಾಲೀಕರು ಬಾಯಲ್ಲಿ ಹೇಳಿದ್ದಾರಂತೆ. ಅದನ್ನು ಒಂದು ಸಾಲಿನ ಮೆಸೇಜಿನಲ್ಲಾದರೂ ಬರೆಸಿಕೊಂಡು ಆಮೇಲೆ ಕಟ್ಟಲು ಹೇಳಿ ಕಳುಹಿಸಿದೆವು.