ಥಾರ್‌ಗೆ 3 ಇಂಚು ಲಿಫ್ಟ್, 33 ಇಂಚು ಟೈರ್ ಹಾಕಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: 2022ರ ಮಹೀಂದ್ರ ಥಾರ್ ಎಲ್‌ಎಕ್ಸ್ ಇದೆ, ಡೀಸೆಲ್, ಫೋರ್ ಬೈ ಫೋರ್. ಶನಿವಾರ ಬೆಂಗಳೂರಿನಿಂದ ಸಕಲೇಶಪುರದ ತೋಟಕ್ಕೆ ಹೋಗಿ ಭಾನುವಾರ ವಾಪಸ್. ತೋಟದ ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣುದಾರಿ. ಹೋದ ಮಳೆಗಾಲದಲ್ಲಿ ಎರಡು ಸಲ ಸಿಕ್ಕಿಹಾಕಿಕೊಂಡಿತು. ಅದಕ್ಕೇ ಗಾಡಿ ಎತ್ತರಿಸುವ 3 ಇಂಚಿನ ಲಿಫ್ಟ್ ಕಿಟ್, 33 ಇಂಚಿನ ಟೈರ್ ಹಾಕಿಸಬೇಕು ಅಂತಿದ್ದೀರಿ. ಯಾವ ಕಿಟ್ ಒಳ್ಳೆಯದು ಅಂತ ಕೇಳಿದ್ದೀರಿ.

ನನ್ನದೂ ಅದೇ ಗಾಡಿ. ಮೂಡಿಗೆರೆ ಕಡೆ ಓಡಿಸುತ್ತೇನೆ. ನೀವು ಅಂದುಕೊಂಡಿರುವುದನ್ನೇ ನಾನು ಮೂರು ವರ್ಷದ ಹಿಂದೆ ಮಾಡಿಸಿದ್ದೆ, ಆಮೇಲೆ ಅದನ್ನೆಲ್ಲ ಬಿಚ್ಚಿಸಿದೆ. ಆದ್ದರಿಂದ ಕಿಟ್ ಹೆಸರು ಹೇಳುವುದಕ್ಕೆ ಮೊದಲು ಒಂದು ಕೆಲಸ ಮಾಡಲು ಕೇಳಿಕೊಳ್ಳುತ್ತೇನೆ. ಗಾಡಿ ತೊಳೆಸಿ, ಒಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ನೋಡಿ. ಎಲ್ಲೆಲ್ಲಿ ಕಲ್ಲು ಉಜ್ಜಿದ ಗುರುತಿದೆ? ಮುಂದಿನ ಬಂಪರ್ ಕೆಳಗಾ? ಎರಡು ಚಕ್ರಗಳ ನಡುವೆ ಹೊಟ್ಟೆಯ ಭಾಗದಲ್ಲಾ? ಇಲ್ಲ ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್ ಮಧ್ಯೆ ಚೆಂಡಿನ ಹಾಗೆ ಉಬ್ಬಿರುವ ಡಿಫರೆನ್ಷಿಯಲ್ ಮೇಲಾ? ಫೋಟೋ ತೆಗೆದು ಇಟ್ಟುಕೊಳ್ಳಿ. ಏನು ಹಾಕಿಸಬೇಕು, ಏನು ಬೇಡ ಅನ್ನುವುದನ್ನು ಆ ಗುರುತುಗಳೇ ಹೇಳುತ್ತವೆ.

ಯಾಕೆ ಅಂದರೆ, ಲಿಫ್ಟ್ ಕಿಟ್ ಎತ್ತುವುದು ಬಾಡಿ ಮತ್ತು ಚಾಸಿಯನ್ನು ಮಾತ್ರ. ಥಾರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆ. ಅದು ಚಕ್ರಗಳ ಜೊತೆ ನೆಲದ ಮೇಲೆ ಕೂತಿರುತ್ತದೆ. ನೀವು 2 ಇಂಚು ಎತ್ತಿಸಿ, 4 ಇಂಚು ಎತ್ತಿಸಿ, ಆ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲೆ ಬರುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ನಮ್ಮ ಕಡೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಎರಡು ಬದಿ ಕೊರಕಲು ಬಿದ್ದಿರುತ್ತದೆ, ನಡುವೆ ದಿಂಡು ಎದ್ದಿರುತ್ತದೆ. ಆ ದಿಂಡಿಗೆ ಮೊದಲು ತಾಗುವುದು ಹೆಚ್ಚಾಗಿ ಇದೇ ಡಿಫರೆನ್ಷಿಯಲ್. ಅಲ್ಲಿ ಗುರುತಿದ್ದರೆ ಲಿಫ್ಟ್ ಕಿಟ್‌ನಿಂದ ನಿಮಗೆ ಉಪಯೋಗವಿಲ್ಲ.

ಬಂಪರ್ ತಾಗುತ್ತಿದೆಯಾ? ಥಾರ್‌ಗೆ ಅದು ಅಪರೂಪ. ಬಂಪರ್ ತಾಗದೆ ಹತ್ತಿ ಇಳಿಯಬಹುದಾದ ಕೋನವನ್ನು ಮುಂದೆ 41.8 ಡಿಗ್ರಿ, ಹಿಂದೆ 36.8 ಡಿಗ್ರಿ ಅಂತ ಕಂಪನಿಯೇ ಕೊಟ್ಟಿದೆ. ಕಡಿಮೆ ಇರುವುದು ಹೊಟ್ಟೆಯ ಕೋನ, ಅಂದರೆ ಹೊಟ್ಟೆ ತಾಗದೆ ದಿಬ್ಬ ದಾಟಬಹುದಾದ ಕೋನ, 27 ಡಿಗ್ರಿ. ಚೂಪು ದಿಬ್ಬ ದಾಟುವಾಗ ಹೊಟ್ಟೆ ಕೂರುತ್ತಿದ್ದರೆ ಆಗ ಮಾತ್ರ ಲಿಫ್ಟ್ ಬಗ್ಗೆ ಯೋಚಿಸಬೇಕು.

ಈಗ ಟೈರ್ ಲೆಕ್ಕ. ಇದನ್ನು ನೀವೇ ಮಾಡಿಕೊಳ್ಳಬಹುದು. ನಿಮ್ಮ ಟೈರ್ ಮೇಲೆ 255/65 ಆರ್ 18 ಅಂತ ಇದೆ. 255 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. ಅದರ ಶೇಕಡಾ 65 ಅಂದರೆ ಸುಮಾರು 166 ಮಿ.ಮೀ., ಇದು ಟೈರ್‌ನ ಪಕ್ಕದ ಗೋಡೆಯ ಎತ್ತರ. 18 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ರಿಮ್ಮಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಒಟ್ಟು 789 ಮಿ.ಮೀ., ಅಂದರೆ 31 ಇಂಚು. ಅಂದರೆ ನಿಮ್ಮ ಗಾಡಿ ಈಗಲೇ 31ರ ಮೇಲೆ ನಿಂತಿದೆ!

33 ಅಂತ ಅಂಗಡಿಯವರು ಕೊಡುವುದು ಸಾಮಾನ್ಯವಾಗಿ 285/70 ಆರ್ 17. ಅದೇ ಲೆಕ್ಕ ಹಾಕಿದರೆ 831 ಮಿ.ಮೀ. ವ್ಯತ್ಯಾಸ 42 ಮಿ.ಮೀ. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ, ಆದ್ದರಿಂದ ಅದಕ್ಕೆ ಸಿಗುವುದು ಅರ್ಧ ಮಾತ್ರ, 21 ಮಿ.ಮೀ. ಒಂದು ಇಂಚೂ ಇಲ್ಲ. ಅಷ್ಟಕ್ಕೆ ಐದು ಟೈರು, ಐದು ರಿಮ್ಮು, ಲಿಫ್ಟ್ ಕಿಟ್, ಅಲೈನ್‌ಮೆಂಟ್ ಅಂತ ದೊಡ್ಡ ಮೊತ್ತ ಹೋಗುತ್ತದೆ.

ದುಡ್ಡು ಮಾತ್ರ ಅಲ್ಲ. ಟೈರ್ ಸುತ್ತಳತೆ ಶೇಕಡಾ 5ರಷ್ಟು ಹೆಚ್ಚಿದರೆ ಗೇರ್ ಅಷ್ಟು ಉದ್ದವಾದ ಹಾಗೆ. ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ. ಅದಕ್ಕಿಂತ ನನಗೆ ಚಿಂತೆ ಕೊಡುವುದು ಇಳಿಜಾರು. ಲೋ ರೇಂಜ್ (ಫೋರ್ ಬೈ ಫೋರ್‌ನ ನಿಧಾನದ ಗೇರು) ಹಾಕಿ, ಬ್ರೇಕ್ ಮುಟ್ಟದೆ, ಇಂಜಿನ್ ಹಿಡಿತದಲ್ಲಿ ಇಳಿಯುತ್ತೇವಲ್ಲ, ಆ ಹಿಡಿತವೂ ಅಷ್ಟೇ ಸಡಿಲವಾಗುತ್ತದೆ. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿಯ ವೇಗ ಶೇಕಡಾ 5 ಹೆಚ್ಚಿರುತ್ತದೆ. ಓಡೋಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ತೋರುತ್ತದೆ, ಸರ್ವಿಸ್ ತಡವಾಗುತ್ತದೆ. ಇನ್ನು ತೂಕ. ನಾನು ಹಳೆಯದು, ಹೊಸದು ಎರಡೂ ಚಕ್ರಗಳನ್ನು ಕಾಫಿ ಚೀಲ ತೂಗುವ ತಕ್ಕಡಿಯ ಮೇಲಿಟ್ಟು ನೋಡಿದೆ. ರಿಮ್ ಸಮೇತ ಒಂದಕ್ಕೆ ಸುಮಾರು 10 ಕೆಜಿ ಜಾಸ್ತಿ. ಬ್ರೇಕ್ ನಿಲ್ಲಿಸಬೇಕಾದ್ದು ಆ ತೂಕವನ್ನೂ ಸೇರಿಸಿಯೇ. ಸ್ಟೆಪ್ನಿಯ ಭಾರವೆಲ್ಲ ಹಿಂದಿನ ಬಾಗಿಲ ಹಿಂಜಿನ ಮೇಲೆ.

ನನಗೆ ಆದದ್ದನ್ನು ಹೇಳುತ್ತೇನೆ. ಒಂದು ಅಂಗಡಿಯಲ್ಲಿ ಮುಂದಿನ ಸ್ಪ್ರಿಂಗ್ ಮೇಲೆ ಸ್ಪೇಸರ್ (ಎತ್ತರ ಕೊಡುವ ಗಟ್ಟಿ ಬಿಲ್ಲೆ) ಇಟ್ಟು, ಹಿಂದೆ ಉದ್ದ ಸ್ಪ್ರಿಂಗ್ ಹಾಕಿ ಗಾಡಿ ಎತ್ತಿದರು. ಮುಂದೆ 3 ಇಂಚು ಎದ್ದಿತು. ಗಾಡಿ ನೋಡಲು ತುಂಬಾ ಚೆನ್ನಾಗಿತ್ತು, ಅದನ್ನು ನಾನು ಸುಳ್ಳು ಹೇಳುವುದಿಲ್ಲ. ಆದರೆ ಥಾರ್‌ನ ಮುಂಭಾಗ ಹಳೇ ಜೀಪಿನ ಹಾಗಲ್ಲ. ಎರಡು ಚಕ್ರಕ್ಕೂ ಬೇರೆ ಬೇರೆ ವಿಶ್‌ಬೋನ್ (ಚಕ್ರ ಹಿಡಿಯುವ ತೋಳು), ಚಕ್ರಕ್ಕೆ ಶಕ್ತಿ ಕೊಡುವುದು ಸಿವಿ ಜಾಯಿಂಟ್ (ಓರೆಯಾದರೂ ತಿರುಗುವ ಕೀಲು) ಇರುವ ಸಣ್ಣ ಶಾಫ್ಟ್. ಗಾಡಿ ಎತ್ತಿದಷ್ಟೂ ಆ ಶಾಫ್ಟ್ ಓರೆಯಾಗುತ್ತದೆ. ನೇರ ನಿಂತಾಗಲೇ ಓರೆ ಇದ್ದದ್ದು, ಹಳ್ಳದಲ್ಲಿ ಚಕ್ರ ಕೆಳಗೆ ಜೋತುಬಿದ್ದಾಗ ಅದರ ಮಿತಿಯನ್ನೇ ಮುಟ್ಟುತ್ತದೆ. ಎಂಟು ತಿಂಗಳಿಗೆ ಎಡಗಡೆಯ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿಯಿತು. ಗ್ರೀಸ್ ಹೊರಗೆ ಹಾರಿ, ಕೆಸರು ಒಳಗೆ ಹೋಯಿತು. ನನಗೆ ಗೊತ್ತಾದದ್ದು ತಿರುವಿನಲ್ಲಿ ಟಕ ಟಕ ಸದ್ದು ಬಂದ ಮೇಲೆ. ಅಷ್ಟರಲ್ಲಿ ಜಾಯಿಂಟೇ ಹಾಳಾಗಿತ್ತು. ಮುಂದಿನ ಟೈರುಗಳ ಒಳಬದಿ ಬೋಳಾಗಿತ್ತು, ಯಾಕೆಂದರೆ ಎತ್ತಿದ ಮೇಲೆ ಅಲೈನ್‌ಮೆಂಟ್ ಸರಿಯಾಗಿ ಕೂರಲೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ 285ರ ಅಗಲ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಚಾರ್ಮಾಡಿ ಘಾಟಿಯಲ್ಲಿ ಮನೆಯವರು ಹಿಂದೆ ಕೂತಿದ್ದರು. ಎದುರಿಗೆ ಬಸ್ ಬಂತು ಅಂತ ತಿರುವಿನಲ್ಲಿ ಸ್ವಲ್ಪ ಜೋರಾಗಿ ಎಡಕ್ಕೆಳೆದೆ. ಗಾಡಿ ಒಂದು ಕ್ಷಣ ಹೊರಕ್ಕೆ ವಾಲಿದ ರೀತಿ ಈಗಲೂ ನೆನಪಿದೆ. ಆ ವಾರವೇ ಎಲ್ಲ ಬಿಚ್ಚಿಸಿದೆ. ನೀವು ವಾರಕ್ಕೆ 440 ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸಿ, ಬರೀ 8 ಕಿಲೋಮೀಟರ್ ಮಣ್ಣಿನಲ್ಲಿ ಓಡಿಸುವವರು. ಆ 8ಕ್ಕಾಗಿ 440ನ್ನು ಅಪಾಯಕ್ಕೆ ಒಡ್ಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಹಾಗಾದರೆ ಕೆಸರಿನಲ್ಲಿ ಹೂತುಹೋಗುವುದಕ್ಕೆ ಏನು ಮಾಡುವುದು? ಮೊದಲ ಔಷಧಿ ಪುಕ್ಕಟೆ: ಗಾಳಿ ಇಳಿಸುವುದು. ರಸ್ತೆಗೆ ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲ ಬಳಿ ಸ್ಟಿಕರ್ ಇರುತ್ತದೆ. ಮಣ್ಣುದಾರಿ ಶುರುವಾಗುವಲ್ಲಿ ನಿಲ್ಲಿಸಿ 20 ಪಿಎಸ್‌ಐಗೆ ಇಳಿಸಿ. ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ತೀರಾ ಕೆಟ್ಟ ಜಾಗದಲ್ಲಿ ನಾನು 18ಕ್ಕೆ ಇಳಿಸುತ್ತೇನೆ. 15ರ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ವೇಗ 30ರೊಳಗೆ ಇರಲಿ. ವಾಪಸ್ ಟಾರಿಗೆ ಬರುವ ಮೊದಲು ಗಾಳಿ ತುಂಬಲೇಬೇಕು, ಅದಕ್ಕೆ ಬ್ಯಾಟರಿಗೆ ಕ್ಲಿಪ್ ಹಾಕುವ ಒಂದು ಕಂಪ್ರೆಸರ್ ಇಟ್ಟುಕೊಳ್ಳಿ. ನೀವು ಸಿಕ್ಕಿಹಾಕಿಕೊಂಡ ಎರಡೂ ಸಲ ಪೂರ್ತಿ ಗಾಳಿಯಲ್ಲೇ ಇದ್ದಿರಿ ಅಂತ ನನ್ನ ಊಹೆ. ಸರೀನಾ?

ಎರಡನೆಯದು ಟೈರ್‌ನ ಹಲ್ಲು. ಈಗಿರುವುದು ಆಲ್ ಟೆರೇನ್. ಒಣ ಮಣ್ಣು, ಜಲ್ಲಿ, ಹೆದ್ದಾರಿ ಎಲ್ಲಕ್ಕೂ ಚೆನ್ನ. ಆದರೆ ನಮ್ಮ ಕೆಂಪು ಜಿಗಟು ಮಣ್ಣು ಅದರ ಸಂದಿಯಲ್ಲಿ ತುಂಬಿಕೊಂಡರೆ ಟೈರ್ ಬೋಳು ಗುಂಡಿನ ಹಾಗೆ ಜಾರುತ್ತದೆ. ಮಡ್ ಟೈರ್‌ನ ಸಂದಿ ದೊಡ್ಡದು, ಚಕ್ರ ತಿರುಗುವಾಗ ಕೆಸರನ್ನು ತಾನೇ ಎಸೆದುಬಿಡುತ್ತದೆ. ಅದರ ಬದಲಿಗೆ ಹೆದ್ದಾರಿಯಲ್ಲಿ ಗುಂಯ್ ಸದ್ದು, ಒದ್ದೆ ಟಾರಿನಲ್ಲಿ ಕಡಿಮೆ ಹಿಡಿತ, ಡೀಸೆಲ್ ಸ್ವಲ್ಪ ಜಾಸ್ತಿ. ನಾನು ತೋಟದಲ್ಲೇ ಇರುವವನು, ಮಡ್ ಟೈರ್ ಹಾಕಿದ್ದೇನೆ. ನಿಮ್ಮ ಓಡಾಟಕ್ಕೆ ಒಳ್ಳೆಯ ಆಲ್ ಟೆರೇನ್ ಸಾಕು, ಜೊತೆಗೆ ಜುಲೈ ತಿಂಗಳಿಗೆ ಒಂದು ಜೋಡಿ ಚೈನು. ಮಲೆನಾಡಿನ ಹಳೇ ಜೀಪುಗಳು ಮಳೆಗಾಲ ಕಳೆಯುತ್ತಿದ್ದದ್ದೇ ಚೈನು ಸುತ್ತಿಕೊಂಡು.

ಆ ಜೀಪುಗಳ ಟೈರ್ ಅಗಲ ನೋಡಿದ್ದೀರಾ? 6.00-16, ಅಂದರೆ 6 ಇಂಚು ಅಗಲ, 16 ಇಂಚಿನ ರಿಮ್ಮು. ತೆಳ್ಳಗಿನ, ಎತ್ತರದ ಟೈರ್. ನಮ್ಮಲ್ಲಿ ಕೆಸರು ಮೇಲೆ ಒಂದು ಗೇಣು ಇದ್ದರೆ ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು ಇರುತ್ತದೆ. ಕಡಿಮೆ ಅಗಲದ ಟೈರ್ ಕೆಸರನ್ನು ಕೊಯ್ದುಕೊಂಡು ಹೋಗಿ ಆ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ ಟೈರ್ ಕೆಸರಿನ ಮೇಲೇ ತೇಲಿ ಪಕ್ಕಕ್ಕೆ ಜಾರುತ್ತದೆ. ಮರಳಿನಲ್ಲಿ ಅಗಲ ಒಳ್ಳೆಯದು, ಮಲೆನಾಡಿನಲ್ಲಿ ಅಲ್ಲ. ಕೊಡಚಾದ್ರಿ ಹತ್ತಿಸುವ ಜೀಪಿನವರನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಅವರು ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡುತ್ತಾರೆ ಅನ್ನುವುದನ್ನು ಗಮನಿಸಿ. ದಿಂಡು ಇರುವಲ್ಲಿ ಕೊರಕಲಿಗೆ ಇಳಿಯುವುದೇ ಇಲ್ಲ, ಒಂದು ಚಕ್ರ ದಿಂಡಿನ ಮೇಲೆ, ಇನ್ನೊಂದು ಅಂಚಿನ ಮೇಲೆ. ನನ್ನ ಡಿಫರೆನ್ಷಿಯಲ್ ತಾಗುವುದು ಮುಕ್ಕಾಲು ಪಾಲು ನಿಂತದ್ದು ಇದನ್ನು ಕಲಿತ ಮೇಲೆ.

ಈಗಿನ ಟೈರ್ ಸವೆದ ಮೇಲೆ ಏನು ಹಾಕುವುದು? ನನ್ನ ಆಯ್ಕೆ 245/75 ಆರ್ 16. ಎಎಕ್ಸ್ ಮಾದರಿಗೆ ಕಂಪನಿಯೇ ಕೊಟ್ಟ ಅಳತೆ ಅದು. ಒಟ್ಟು ಎತ್ತರ 774 ಮಿ.ಮೀ., ಅಂದರೆ ಆಕ್ಸಲ್ 7 ಮಿ.ಮೀ. ತಗ್ಗುತ್ತದೆ. ಇದು ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಪಕ್ಕದ ಗೋಡೆ 166ರಿಂದ 184 ಮಿ.ಮೀ. ಆಗುತ್ತದೆ. ಗಾಳಿ ಇಳಿಸಲು ಜಾಸ್ತಿ ಜಾಗ, ಕಲ್ಲಿಗೆ ರಿಮ್ ಬಡಿಯುವ ಭಯ ಕಡಿಮೆ, ಅಗಲವೂ ಕಡಿಮೆ. ಸ್ವಲ್ಪ ಎತ್ತರ ಬೇಕೇ ಬೇಕು ಅಂದರೆ 265/70 ಆರ್ 17, ಅದು 803 ಮಿ.ಮೀ. ಲಿಫ್ಟ್ ಇಲ್ಲದೆ ಕೂರುತ್ತದೆ, ಸ್ಪೀಡೋಮೀಟರ್ ವ್ಯತ್ಯಾಸ ಶೇಕಡಾ 2ರೊಳಗೆ. ಅದರ ಮೇಲೆ ಹೋಗಬೇಡಿ.

ಹೊಟ್ಟೆಯ ಭಾಗದಲ್ಲಿ ಗುರುತು ನಿಜವಾಗಿಯೂ ಇದ್ದರೆ, ಮೊದಲು ಕೆಳಗೆ ಒಂದು ಗಟ್ಟಿ ಸ್ಕಿಡ್ ಪ್ಲೇಟ್ (ಲೋಹದ ತಟ್ಟೆ) ಹಾಕಿಸಿ. ತಾಗಿದರೂ ಜಾರಿ ಹೋಗುತ್ತದೆ. ಆಮೇಲೂ ಲಿಫ್ಟ್ ಬೇಕು ಅನ್ನಿಸಿದರೆ ಒಂದೂವರೆ ಇಂಚಿಗೆ ನಿಲ್ಲಿಸಿ, ಸ್ಪೇಸರ್ ಬೇಡ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ಬರುವ ಕಿಟ್ ತೆಗೆದುಕೊಳ್ಳಿ. ಗಾಡಿಯಲ್ಲಿ ಖಾಯಂ ಎಷ್ಟು ಭಾರ ಇರುತ್ತದೆ ಅಂತ ಹೇಳಿ ಸ್ಪ್ರಿಂಗ್ ಆರಿಸಬೇಕು. ಕಬ್ಬಿಣದ ಬಂಪರ್, ವಿಂಚ್ (ಗಾಡಿ ಎಳೆಯುವ ರಾಟೆ) ಇಲ್ಲದ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ಗಾಡಿ ಕುದುರೆ ತರ ನೆಗೆಯುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದಾ ಅಂತ ಜಾಕಿ ಕೊಟ್ಟು ಎದುರಿಗೇ ತೋರಿಸಲು ಹೇಳಿ. ಹೆಡ್‌ಲೈಟ್ ಮತ್ತೆ ತಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. (ಮಾರುತಿ ಜಿಮ್ನಿ ಇರುವವರು ಇದನ್ನು ಓದುತ್ತಿದ್ದರೆ: ನಿಮ್ಮದು ಎರಡೂ ಕಡೆ ಗಟ್ಟಿ ಆಕ್ಸಲ್. ಸಿವಿ ಚಿಂತೆ ಕಡಿಮೆ, ಆದರೆ ಎತ್ತಿದರೆ ಕ್ಯಾಸ್ಟರ್ ಕೋನ, ಅಂದರೆ ಸ್ಟೀರಿಂಗನ್ನು ನೇರಕ್ಕೆ ಹಿಡಿದಿಡುವ ಓರೆ, ಕಡಿಮೆಯಾಗಿ ಸ್ಟೀರಿಂಗ್ ಹೆದ್ದಾರಿಯಲ್ಲಿ ಅಲೆದಾಡುತ್ತದೆ. ಅದನ್ನು ಸರಿಮಾಡುವ ಬುಷ್ ಜೊತೆಗೇ ಹಾಕಿಸಿ.)

ಕಾನೂನಿನ ಮಾತನ್ನೂ ಹೇಳಬೇಕು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ದಂಡ ಕಟ್ಟಬಹುದು, ಆದರೆ ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆದರೆ ಕಷ್ಟ. ನಾನು ಕಂಪನಿ ಅಳತೆಗೇ ವಾಪಸ್ ಬಂದದ್ದಕ್ಕೆ ಇದೂ ಒಂದು ಕಾರಣ.

ಗೋಣಿಚೀಲದ ಮೇಲೆ ಮಲಗಿ ತೆಗೆದ ಫೋಟೋಗಳನ್ನು ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಜೊತೆಗೆ ಸಿಕ್ಕಿಹಾಕಿಕೊಂಡ ಆ ಎರಡು ಜಾಗಗಳದ್ದೂ. ನೋಡಿ ಹೇಳುತ್ತೇನೆ. ಒಂದು ಜಾಗದಲ್ಲಿ ಎರಡು ಲೋಡ್ ಜಲ್ಲಿ ಹಾಕಿಸಿ, ಪಕ್ಕಕ್ಕೊಂದು ನೀರಿನ ಕಾಲುವೆ ತೆಗೆಸಿದರೆ ಸಾಕಾಗಬಹುದು.