ಹಾರ್ಡ್‌ಬೂಟ್ ಸ್ನೋಬೋರ್ಡ್ ಕಲಿಯಲು ಮೊದಲು ಯಾವ ಹಲಗೆ ಕೊಳ್ಳಬೇಕು?

ಗದಗಿನಿಂದ ಇನ್ಸ್‌ಬ್ರುಕ್‌ಗೆ ಓದಲು ಹೋಗಿರುವ ನೀವು ಕೇಳಿರುವುದು ಇಷ್ಟು. ಎರಡು ಚಳಿಗಾಲ ಮೆತ್ತನೆಯ ಬೂಟಿನ ಸ್ನೋಬೋರ್ಡ್, ಎಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದನ್ನು, ಕಲಿತಿದ್ದೀರಿ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಕುಳಿತು ಹೋಗುವಾಗ, ಸ್ಕೀ ಬೂಟಿನಂಥ ಗಟ್ಟಿ ಬೂಟು, ಅಂದರೆ ಹಾರ್ಡ್‌ಬೂಟು, ಹಾಕಿದವರೊಬ್ಬರು ಕಿರಿದಾದ ಹಲಗೆಯ ಮೇಲೆ ಹೆಚ್ಚುಕಡಿಮೆ ನೆಲಕ್ಕೆ ಒರಗಿ ತಿರುಗುತ್ತ ಇಳಿದುದನ್ನು ಕಂಡಿರಿ. ಅದನ್ನು ಕಲಿಯಲು ಯಾವ ಹಲಗೆ ಒಳ್ಳೆಯದು, ಮನೆಯಲ್ಲಿರುವ ಸ್ಕೀ ಬೂಟು ನಡೆಯುತ್ತದೆಯೇ, ಊರಿಗೆ ಮರಳಿದ ಮೇಲೆ ಆ ಸಾಮಾನಿನಿಂದ ಏನಾದರೂ ಉಪಯೋಗವಿದೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯವನು. ಯಂತ್ರ ವಿನ್ಯಾಸದ ಕೆಲಸದ ಮೇಲೆ ಏಳು ವರ್ಷ ಇನ್ಸ್‌ಬ್ರುಕ್ ಇರುವ ಆಸ್ಟ್ರಿಯಾದ ಟಿರೋಲ್‌ ಪ್ರಾಂತದಲ್ಲಿದ್ದು, ಈಗ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ಏಳರಲ್ಲಿ ಐದು ಚಳಿಗಾಲ ಹಾರ್ಡ್‌ಬೂಟಿನಲ್ಲಿ ಕಳೆದವು, ಅವುಗಳಲ್ಲಿ ಮೊದಲನೆಯದು ಪೂರ್ತಿ ನೀರಿಗೆ ಹೋಯಿತು. ಹಾಗೇಕಾಯಿತೆಂಬುದರಿಂದಲೇ ಉತ್ತರ ಆರಂಭಿಸುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪಿನ ಸುಳಿವು ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ನೀವು ಹಲಗೆಯ ವಿಷಯ ಮೊದಲು ಕೇಳಿದ್ದೀರಿ. ಮೊದಲು ಕೊಳ್ಳಬೇಕಾದದ್ದು ಬೂಟು.

ನಮ್ಮ ಕಡೆ ಜೂನ್ ತಿಂಗಳಲ್ಲಿ ಶಾಲೆಯ ಬೂಟು ಕೊಡಿಸುವಾಗ ಒಂದು ನಂಬರ್ ದೊಡ್ಡದನ್ನೇ ಕೊಡಿಸುವ ರೂಢಿ ನಿಮಗೂ ಗೊತ್ತಿರುತ್ತದೆ. "ಬೆಳಿಯೂ ಕಾಲು, ಇರ್ಲಿ ಬಿಡ್ರಿ" ಎಂದು ಅಂಗಡಿಯವರು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಿದ್ದರು, ತಂದೆ ತಲೆದೂಗುತ್ತಿದ್ದರು. ಆ ಬುದ್ಧಿ ಮೂವತ್ತನೆಯ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಪಾದದ ಉದ್ದ 26.5 ಸೆಂಟಿಮೀಟರ್. ಈ ಬೂಟುಗಳ ನಂಬರ್ ಎಂದರೆ ಪಾದದ ಸೆಂಟಿಮೀಟರ್ ಅಳತೆಯೇ. ಅದಕ್ಕೆ ಮೊಂಡೋ ಎಂಬ ಹೆಸರಿದೆ. ಆದರೂ ಹಳೆಯ ಸಾಮಾನಿನ ಸಂತೆಯೊಂದರಲ್ಲಿ 28.5ರ ಜೋಡಿಯೊಳಗೆ ಕಾಲಿಟ್ಟಾಗ ಹಿತವೆನಿಸಿತು, ಅಗ್ಗವೂ ಇತ್ತು, ಕೊಂಡುಬಿಟ್ಟೆ.

ಪರಿಣಾಮ ಹೇಗಿತ್ತೆಂದರೆ, ಕಾಲ್ಬೆರಳಿನ ಕಡೆಯ ತಿರುವಿಗೆ ಮೊಣಕಾಲನ್ನು ಮುಂದೊತ್ತಿದ ಕೂಡಲೇ ಬೂಟಿನೊಳಗೆ ಹಿಮ್ಮಡಿ ಅರ್ಧ ಅಂಗುಲ ಮೇಲೇಳುತ್ತಿತ್ತು. ಅದು ಎದ್ದು, ಬೂಟಿನ ಒಳಗಿನ ಮೆತ್ತೆಯಾದ ಲೈನರ್ ಅದುಮಿ, ಆಮೇಲೆ ಒತ್ತಡ ಹಲಗೆಯ ಉಕ್ಕಿನ ಅಂಚಿಗೆ ಮುಟ್ಟುವಷ್ಟರಲ್ಲಿ ಹಲಗೆ ಹಿಡಿತ ಬಿಟ್ಟು ಅಡ್ಡಕ್ಕೆ ಜಾರಿರುತ್ತಿತ್ತು. ನಾನು ಹಲಗೆಯನ್ನು ಬೈದೆ, ಅಂಚನ್ನು ಮೂರು ಸಲ ಅರದಿಂದ ಉಜ್ಜಿ ಹರಿತ ಮಾಡಿಸಿದೆ, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗಿನ ಕೋನ ಬದಲಿಸಿದೆ. ಮಾರ್ಚ್‌ನಲ್ಲಿ ಒಬ್ಬ ಹಿರಿಯ ಹಾರ್ಡ್‌ಬೂಟ್ ಸವಾರರು ಲಿಫ್ಟಿನ ಬುಡದಲ್ಲಿ ನನ್ನ ಬೂಟಿನ ಲೈನರ್ ತೆಗೆಸಿ, ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಡಿಸಿ, ಬೆರಳುಗಳನ್ನು ಮುಂದಿನ ಗೋಡೆಗೆ ಮುಟ್ಟಿಸಿ ನಿಲ್ಲಿಸಿದರು. ಹಿಮ್ಮಡಿಯ ಹಿಂದೆ ಅವರ ಮೂರು ಬೆರಳು ಸಲೀಸಾಗಿ ಇಳಿದವು. ಒಂದೂವರೆ ಬೆರಳಿಗಿಂತ ಹೆಚ್ಚು ಜಾಗವಿರಬಾರದು. ಕೊಳ್ಳುವ ಮೊದಲು ಈ ಪರೀಕ್ಷೆಯನ್ನು ನೀವು ಅಂಗಡಿಯಲ್ಲಿಯೇ ಮಾಡಿ, ಯಾರು ನಕ್ಕರೂ ಚಿಂತೆಯಿಲ್ಲ. ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸುವ ಥರ್ಮೊ ಲೈನರ್‌ಗೆ ಒಂದಿಷ್ಟು ಹಣ ಹೆಚ್ಚು ಹೋದರೂ ಕೊಡಿ. ಡೀಲಕ್ಸ್, ಯುಪಿಝಡ್, ಮೌಂಟನ್ ಸ್ಲೋಪ್ ಎಂಬ ಹೆಸರುಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಒಂದೊಂದರ ಅಚ್ಚು ಒಂದೊಂದು ಬಗೆಯ ಪಾದಕ್ಕೆ ಹೊಂದುವುದರಿಂದ, ಯಾವುದು ಉತ್ತಮವೆಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ಹಳೆಯ ಜೋಡಿ ಕೊಳ್ಳುವುದಾದರೆ ವಯಸ್ಸು ವಿಚಾರಿಸಿ. ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಹೊರಗಿನಿಂದ ಹೊಳೆಯುತ್ತಿದ್ದರೂ ಚಳಿಯಲ್ಲಿ ಗಡಿಗೆಯಂತೆ ಒಡೆಯಬಹುದು.

ಬೂಟು ಇಷ್ಟು ಗಟ್ಟಿ ಏಕಿರಬೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆತ್ತನೆಯ ಬೂಟಿನಲ್ಲಿ ಬಹಳ ಜನ ತಿರುಗುವಾಗ ಹಲಗೆ ಅಡ್ಡವಾಗಿ ಹಿಮವನ್ನು ಕೆರೆಯುತ್ತದೆ. ಅದು ನಮ್ಮ ಎರೆ ಹೊಲದಲ್ಲಿ ಕುಂಟೆ ಹೊಡೆದ ಹಾಗೆ. ನೀವು ಕಂಡ ಒರಗಿ ತಿರುಗುವ ಬಗೆಗೆ ಕಾರ್ವಿಂಗ್ ಎನ್ನುತ್ತಾರೆ. ಅದು ಕೂರಿಗೆಯ ತಾಳು ಎಳೆದ ಸಾಲು: ಹಲಗೆಯ ಮುಂದಿನ ತುದಿ ಕೊರೆದ ಗೆರೆಯಲ್ಲಿಯೇ ಹಿಂದಿನ ತುದಿಯೂ ಹಾಯ್ದು ಹೋಗಬೇಕು, ಹಿಂತಿರುಗಿ ನೋಡಿದರೆ ಹಿಮದ ಮೇಲೆ ಪೆನ್ಸಿಲ್‌ನಷ್ಟು ತೆಳುವಾದ ಗುರುತೊಂದೇ ಕಾಣಬೇಕು. ಹಲಗೆಯ ಎರಡು ಬದಿಗಳು ನೇರವಾಗಿರದೆ ನಡುವಿನಲ್ಲಿ ಸಣ್ಣಗಾಗಿ, ದೊಡ್ಡ ವೃತ್ತವೊಂದರ ತುಣುಕಿನಂತೆ ಒಳಬಾಗಿರುತ್ತವೆ. ಇದಕ್ಕೆ ಸೈಡ್‌ಕಟ್ ಎನ್ನುತ್ತಾರೆ. ಹಲಗೆಯನ್ನು ಅಂಚಿನ ಮೇಲೆ ವಾಲಿಸಿದಾಗ ಅದು ಬಿಲ್ಲಿನಂತೆ ಬಾಗುತ್ತದೆ, ಮತ್ತು ತಿರುವಿನ ತ್ರಿಜ್ಯವು ಸರಿಸುಮಾರು ಸೈಡ್‌ಕಟ್ಟಿನ ತ್ರಿಜ್ಯವನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿದಷ್ಟಾಗುತ್ತದೆ. 11 ಮೀಟರ್ ಸೈಡ್‌ಕಟ್ಟಿನ ಹಲಗೆಯನ್ನು 60 ಡಿಗ್ರಿ ವಾಲಿಸಿದರೆ ತಿರುವು 5.5 ಮೀಟರ್. ಇಳಿಜಾರಿನ ಲೆಕ್ಕ ಬಿಟ್ಟು ಹೇಳುವುದಾದರೆ, ಅಷ್ಟು ವಾಲಿಯೂ ಬೀಳದಿರಲು ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗ ಬೇಕು, ಆಗ ಕಾಲಿನ ಮೇಲೆ ದೇಹದ ತೂಕದ ಎರಡರಷ್ಟು ಭಾರ ಬೀಳುತ್ತದೆ. ಎಪ್ಪತ್ತು ಕಿಲೋ ತೂಗುವವನು ತನ್ನಷ್ಟೇ ತೂಕದ ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು, ಬ್ಲೇಡಿನಂಥ ಉಕ್ಕಿನ ಅಂಚೊಂದರ ಮೇಲೆ ನಿಂತ ಹಾಗೆ. ಅಷ್ಟು ಭಾರಕ್ಕೆ ಮೆತ್ತನೆಯ ಬೂಟು ಕಣಕಾಲಿನಲ್ಲಿ ಕುಸಿಯುತ್ತದೆ. ಗಟ್ಟಿ ಬೂಟು ಮೊಣಕಾಲಿನ ಸಣ್ಣ ಚಲನೆಯನ್ನೂ ಹಾಗೆಯೇ ಅಂಚಿಗೆ ಒಯ್ಯುತ್ತದೆ.

ಹಲಗೆ ಕಿರಿದಾಗಿರುವುದಕ್ಕೂ ಕಾಲು ಮುಂದಕ್ಕೆ ತಿರುಗಿರುವುದಕ್ಕೂ ನಂಟಿದೆ. ನಡು ಕಿರಿದಾದಷ್ಟೂ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಹೊರಳಬಹುದು. ಮಾಮೂಲಿ ಹಲಗೆಯ ನಡು 25 ಸೆಂಟಿಮೀಟರ್ ಆಸುಪಾಸು ಇದ್ದರೆ ಇದರದು 18ರಿಂದ 21. ಅದರ ಮೇಲೆ ಬೂಟು ಅಡ್ಡಲಾಗಿ ನಿಂತರೆ ಬೆರಳೂ ಹಿಮ್ಮಡಿಯೂ ಹೊರಚಾಚಿ ಹಿಮಕ್ಕೆ ತಾಗಿ ನಿಮ್ಮನ್ನು ಎತ್ತಿ ಒಗೆಯುತ್ತವೆ. ಆದ್ದರಿಂದ ಬೈಂಡಿಂಗನ್ನು 50ರಿಂದ 65 ಡಿಗ್ರಿ ತಿರುಗಿಸಿ ಕೂರಿಸುತ್ತಾರೆ. ನೀವು ಮುಂದಿನ ಕಾಲಿಗೆ 60, ಹಿಂದಿನದಕ್ಕೆ 57 ಇಟ್ಟು ಆರಂಭಿಸಿ, ಬೂಟಿನ ಎರಡು ತುದಿಗಳೂ ಅಂಚಿನ ಒಳಗಿವೆಯೇ ಎಂದು ಹಲಗೆಯನ್ನು ನೆಲದ ಮೇಲೆ ವಾಲಿಸಿ ನೋಡಿಕೊಳ್ಳಿ. ಮುಂದಿನ ಕಾಲಿನ ಬೆರಳ ಕಡೆಗೂ ಹಿಂದಿನ ಕಾಲಿನ ಹಿಮ್ಮಡಿಯ ಕಡೆಗೂ ಕೊಂಚ ಎತ್ತರ ಕೊಡುವ ಬೆಣೆಗಳು ಬರುತ್ತವೆ. ಅವನ್ನು ಹಾಕಿದರೆ ಮೊಣಕಾಲಿಗೆ ಎಷ್ಟೋ ಆರಾಮ.

ಬೈಂಡಿಂಗ್ ವಿಷಯ ದೊಡ್ಡದಲ್ಲ. ಒಂದು ಲೋಹದ ತಟ್ಟೆ, ಹಿಂದೊಂದು ಮುಂದೊಂದು ಯು ಆಕಾರದ ಕಂಬಿ, ಅದುಮುವ ಒಂದು ಲಿವರ್. ಎಫ್2, ಬಾಂಬರ್ ಮೊದಲಾದವರ ತಯಾರಿ ಹಳೆಯದಾದರೂ ಸರಿಯಾಗಿಯೇ ಇರುತ್ತದೆ. ಇನ್‌ಟೆಕ್ ಎಂಬ ಬಗೆಯಲ್ಲಿ ಹಿಮ್ಮಡಿಯನ್ನು ತುಳಿದರೆ ತಾನೇ ಕಚ್ಚಿಕೊಳ್ಳುತ್ತದೆ, ತೊಡೆಯ ಹತ್ತಿರದ ಹುರಿ ಎಳೆದರೆ ಬಿಡುತ್ತದೆ. ಅನುಕೂಲವೇನೋ ಹೌದು, ಅನಿವಾರ್ಯವಲ್ಲ. ಪ್ರತಿ ಚಳಿಗಾಲದ ಆರಂಭದಲ್ಲಿ ಆ ಕಂಬಿಗಳಲ್ಲಿ ಕೂದಲೆಳೆಯಷ್ಟು ಸೀಳು ಬಂದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಏಕೆಂದರೆ ಸ್ಕೀ ಬೈಂಡಿಂಗಿನಂತೆ ಇದು ಬಿದ್ದಾಗ ಕಾಲು ಬಿಡುವುದಿಲ್ಲ. ಒಂದು ಕಾಲು ಮಾತ್ರ ಕಳಚಿಕೊಂಡರೆ ಇನ್ನೊಂದು ಮೊಣಕಾಲಿನ ಗತಿ ಊಹಿಸಿಕೊಳ್ಳಿ.

ನಿಮ್ಮ ಸ್ಕೀ ಬೂಟು ಇದರಲ್ಲಿ ಕೂರುತ್ತದೆ, ಒಂದು ದಿನ ರುಚಿ ನೋಡಲು ಅಡ್ಡಿಯಿಲ್ಲ. ಆದರೆ ಅದರ ಅಡಿ ಉದ್ದ, ಕಣಕಾಲು ಬಲು ಬಿಗಿ, ಬದಿಗಂತೂ ಬಾಗುವುದೇ ಇಲ್ಲ. ಸ್ನೋಬೋರ್ಡಿನ ಮೇಲೆ ಎರಡು ಕಾಲುಗಳೂ ಒಂದೇ ಹಲಗೆಗೆ ಕಟ್ಟಿರುವುದರಿಂದ ಕಣಕಾಲು ಸ್ವಲ್ಪ ಆಡಲೇಬೇಕು. ನಡೆಯಲು ಸುಲಭವಾಗಲೆಂದು ಅಡಿಯನ್ನು ಬಾಗಿಸಿ ಮಾಡಿದ ಗ್ರಿಪ್‌ವಾಕ್ ಬೂಟುಗಳಾದರೆ ಆ ಒಂದು ದಿನವೂ ಬೇಡ, ಕಂಬಿಯ ಹಿಡಿತ ಭದ್ರವಾಗಿರುವುದಿಲ್ಲ.

ಇನ್ನು ಹಲಗೆ. ಇಂಥ ಹಲಗೆಯ ಓಟದ ಸ್ಪರ್ಧೆ 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿತು. 2018ರಲ್ಲಿ ಜೆಕ್ ಆಟಗಾರ್ತಿ ಎಸ್ಟರ್ ಲೆಡೆಟ್‌ಸ್ಕಾ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀಯ ಸೂಪರ್-ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದ ಮೇಲೆ ಬಹಳ ಜನರಿಗೆ ಅದೇ ಬಗೆಯ ಹಲಗೆ ಬೇಕೆನಿಸಿತು. ಪುರುಷರ ಸ್ಪರ್ಧೆಯ ಹಲಗೆ 185 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಅದರ ಸೈಡ್‌ಕಟ್ ಬಹಳ ದೊಡ್ಡದು, ವೇಗ ಬರುವವರೆಗೆ ಅದು ತಿರುಗುವುದೇ ಇಲ್ಲ. ನಿಮಗೆ 160ರಿಂದ 168 ಸೆಂಟಿಮೀಟರಿನ, 10-11 ಮೀಟರ್ ಸೈಡ್‌ಕಟ್ಟಿನ, ನಡು 20 ಸೆಂಟಿಮೀಟರಿನ ಹಲಗೆ ಸಾಕು. ಕೆಸ್ಲರ್, ಎಸ್‌ಜಿ, ಆಕ್ಸೆಸ್, ಡೊನೆಕ್, ಕಾಯ್ಲರ್ ಇವರೆಲ್ಲ ಸಣ್ಣ ಕಾರ್ಖಾನೆಗಳವರು. ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ ಸೇರಿಸಿದ ಹಲಗೆಗಳು ಗಡುಸು ಹಿಮದ ಮೇಲೆ ನಡುಗದೆ ನಿಲ್ಲುತ್ತವೆ, ಹೊಸದಕ್ಕೆ ಲಕ್ಷ ರೂಪಾಯಿ ಸುಲಭವಾಗಿ ದಾಟುತ್ತದೆ. ವಿದ್ಯಾರ್ಥಿಯಾದ ನೀವು ಅದರ ತಂಟೆಗೆ ಹೋಗದೆ, ಅಂಚು ತುಕ್ಕು ತಿಂದಿರದ ಹಳೆಯ ಹಲಗೆ ಕೊಂಡು, ಉಳಿದ ದುಡ್ಡನ್ನು ಬೂಟಿಗೆ ಹಾಕಿ.

ಸಾಮಾನಿಗಿಂತ ಹೆಚ್ಚಾಗಿ ಬದಲಾಗುವುದು ದಿನಚರಿ. ಈ ಹಲಗೆಗೆ ಬೇಕಾದದ್ದು ರಾತ್ರಿ ಯಂತ್ರ ಓಡಿಸಿ ಹದ ಮಾಡಿದ, ಇನ್ನೂ ಯಾರೂ ತುಳಿಯದ, ಸಣ್ಣ ಸಣ್ಣ ಸಾಲು ಬಿದ್ದ ಗಟ್ಟಿ ಹಿಮ. ಸ್ಟುಬಾಯ್ ಹಿಮನದಿಯ ಮೊದಲ ಲಿಫ್ಟಿಗೆ ನಾನು ಅರ್ಧ ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲುತ್ತಿದ್ದೆ, ಹನ್ನೊಂದೂವರೆಗೆ ಹಿಮ ಮೆತ್ತಗಾಗಿ ಜನ ತುಂಬಿದ ಮೇಲೆ ಕೆಳಗಿಳಿದು ಬಿಡುತ್ತಿದ್ದೆ. ತಡವಾಗಿ ಎದ್ದು ಬರುವ ಗೆಳೆಯರ ಗುಂಪು ಹೀಗೆ ಕೈಬಿಟ್ಟು ಹೋಗುತ್ತದೆ, ಅದು ನಿಮಗೆ ಒಪ್ಪಿಗೆಯೇ ಎಂದು ಮೊದಲೇ ಯೋಚಿಸಿ. ನಮ್ಮಂಥವರು ಕಡಿಮೆಯಾದ್ದರಿಂದ ದೂರದಲ್ಲಿ ಇನ್ನೊಂದು ಗಟ್ಟಿ ಬೂಟು ಕಂಡರೆ ಕೈ ಎತ್ತುವ ಬಳಕೆಯಿದೆ. ಅವರಲ್ಲಿ ಐವತ್ತು ದಾಟಿದವರೇ ಹೆಚ್ಚು, ಕೇಳಿದ್ದಕ್ಕಿಂತ ಜಾಸ್ತಿ ಹೇಳಿಕೊಡುತ್ತಾರೆ.

ಅಪಾಯ ಇರುವುದು ವಾಲುವುದರಲ್ಲಿ ಅಲ್ಲ, ಹಾದಿಯ ಅಗಲವನ್ನೆಲ್ಲ ಬಳಸುವುದರಲ್ಲಿ. ಹಿಂದಿನಿಂದ ಬರುವ ಸ್ಕೀಯವರಿಗೆ ನೀವು ಇಷ್ಟು ದೂರ ಅಡ್ಡಕ್ಕೆ ಬರುತ್ತೀರೆಂಬ ಅಂದಾಜಿರುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮದಂತೆ ಮುಂದಿರುವವರಿಗೆ ತೊಂದರೆಯಾಗದ ದಾರಿ ಹಿಡಿಯಬೇಕಾದವರು ಹಿಂದಿನವರೇ. ಆದರೆ ತಿರುವಿನ ಕೊನೆಯಲ್ಲಿ ಹಲಗೆ ಇಳಿಜಾರಿನ ಮೇಲ್ಮುಖವಾಗಿ ಹೊರಳುವುದಾದರೆ ಮೇಲೂ ಕೆಳಗೂ ನೋಡಿಕೊಳ್ಳುವ ಹೊಣೆ ನಿಮ್ಮದು. ಪ್ರತಿ ತಿರುವಿನ ತುದಿಯಲ್ಲೂ ಹೆಗಲ ಮೇಲಿಂದ ಒಮ್ಮೆ ಮೇಲೆ ನೋಡುವುದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಿ.

ಕೊನೆಯದಾಗಿ, ಊರಿಗೆ ಮರಳಿದ ಮೇಲಿನ ಮಾತು. ನಾನು ಒಮ್ಮೆ ಹಲಗೆಯನ್ನು ಗುಲ್ಮಾರ್ಗ್‌ಗೆ ಒಯ್ದಿದ್ದೆ. ಹತ್ತು ಕಿಲೋ ದಾಟುವ ಚೀಲವನ್ನು ಹೆಗಲಿಗೇರಿಸಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಬೋಗಿ ಹುಡುಕಿದ್ದೇ ಆ ಪ್ರವಾಸದ ದೊಡ್ಡ ಕಸರತ್ತು; ಸಹಪ್ರಯಾಣಿಕರೊಬ್ಬರು ಅದನ್ನು ಹಾರ್ಮೋನಿಯಂ ಎನ್ನಲಾಗದೆ, ಇಸ್ತ್ರಿ ಮೇಜು ಎನ್ನಲಾಗದೆ ಸುಮ್ಮನಾದರು. ಅಲ್ಲಿಯ ಗೊಂಡೋಲ ಎಂಬ ರೋಪ್‌ವೇ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,900 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಹಿಮವಂತೂ ಹೇರಳ. ಆದರೆ ಗುಲ್ಮಾರ್ಗ್ ಹೆಸರಾಗಿರುವುದು ಮೊಣಕಾಲುದ್ದದ ಹುಡಿ ಹಿಮಕ್ಕೆ, ಕಿರಿದಾದ ಹಲಗೆ ಅದರಲ್ಲಿ ಮುಳುಗುತ್ತದೆ. ಕೆಳಗಿನ ಇಳಿಜಾರಿನಲ್ಲಿ ಎರಡು ಬೆಳಿಗ್ಗೆ ಚೆನ್ನಾಗಿ ಕಳೆದವು, ಉಳಿದ ದಿನ ಅಗಲ ಹಲಗೆ ಬಾಡಿಗೆಗೆ ಪಡೆದೆ. ಅಂದರೆ ಇಲ್ಲಿಂದ ವರ್ಷಕ್ಕೊಮ್ಮೆ ಯುರೋಪಿಗೆ ಹೋಗಿಬರುವ ಅನುಕೂಲವಿದ್ದರೆ ಸಾಮಾನು ತನ್ನಿ, ಇಲ್ಲವಾದರೆ ಹಲಗೆಯನ್ನೂ ಬೈಂಡಿಂಗನ್ನೂ ಅಲ್ಲಿಯೇ ಮಾರಿ, ಕಾಲಿಗೆ ಒಗ್ಗಿದ ಬೂಟನ್ನು ಮಾತ್ರ ತನ್ನಿ. ಹಲಗೆ ಬಾಡಿಗೆಗೆ ಸಿಕ್ಕರೂ ಸಿಗಬಹುದು, ನಿಮ್ಮ ಪಾದಕ್ಕೆ ಕೂತ ಬೂಟು ಸಿಗುವುದಿಲ್ಲ.

ತೊಡೆಯ ಬಲ ಉಳಿಸಿಕೊಳ್ಳಲು ಗರಡಿ ಮನೆಯ ಬೈಠಕ್‌ಗಿಂತ ಒಳ್ಳೆಯ ಸಾಧನೆ ನನಗೆ ಕಂಡಿಲ್ಲ. ನಾನು ವಾರಕ್ಕೆ ನಾಲ್ಕು ದಿನ ಬೈಠಕ್ ಹೊಡೆದು ರವಿವಾರ ನೃಪತುಂಗ ಬೆಟ್ಟ ಹತ್ತಿಳಿಯುತ್ತೇನೆ. ನಮ್ಮ ಮಳೆಗಾಲದ ತೇವಕ್ಕೆ ಉಕ್ಕಿನ ಅಂಚು ಒಂದೇ ವಾರದಲ್ಲಿ ಕೆಂಪಾಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿಯೇ ಹಲಗೆಯ ಅಡಿಗೂ ಅಂಚಿಗೂ ಮೇಣವನ್ನು ದಪ್ಪಗೆ ಸವರಿ, ಹೆರೆಯದೆ ಹಾಗೆಯೇ ಬಿಟ್ಟು, ಹಳೆಯ ಹತ್ತಿ ಧೋತರದಲ್ಲಿ ಸುತ್ತಿ ಒಳಕೋಣೆಯ ಗೋಡೆಗೆ ನಿಲ್ಲಿಸುತ್ತೇನೆ. ಬೂಟಿನ ಲೈನರ್ ಹೊರತೆಗೆದು ಒಣಗಿಸಿ ಮತ್ತೆ ಹಾಕಿ, ಚಿಪ್ಪಿನ ಆಕಾರ ಕೆಡದಂತೆ ಬಕಲ್‌ಗಳನ್ನು ಮೊದಲ ಹಲ್ಲಿಗೆ ಸಿಕ್ಕಿಸಿ ಇಡಬೇಕು. ಅಟ್ಟದ ಮೇಲೆ ಮಾತ್ರ ಇಡಬೇಡಿ, ಏಪ್ರಿಲ್ ತಿಂಗಳ ಗದಗಿನ ಬಿಸಿಲಿಗೆ ಅಲ್ಲಿ ಪ್ಲಾಸ್ಟಿಕ್ ಬೇಗ ಹಾಳಾಗುತ್ತದೆ.