ದೇವೇಗೌಡರ ಸೋಲು-ಗೆಲುವಿನ ಲೆಕ್ಕ ಮತ್ತು ಹಾಸನದಲ್ಲಿ ದಳದ ನಾಳೆ

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ ದೇವೇಗೌಡರ ಕಟ್ಟಾ ಅಭಿಮಾನಿ. ಚಿಕ್ಕಪ್ಪನಿಗೆ ಅವರನ್ನು ಕಂಡರೆ ಆಗಲ್ಲ. ‘ಜಿಲ್ಲೆಯಲ್ಲಿ ಗೌಡರಿಗೆ ಸೋಲೇ ಇರಲಿಲ್ಲ’ ಅಂತಾರೆ ಅಪ್ಪ. ‘ಬರೀ ಜಾತಿ ಬಲದಿಂದ ಗೆದ್ದಿದ್ದು’ ಅಂತಾರೆ ಚಿಕ್ಕಪ್ಪ. ಲೆಕ್ಕ ಏನು ಹೇಳುತ್ತೆ?
– ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ಗೌಡರು ಸೋತಿದ್ದಾರೆ, ಅದೂ ನಿಮ್ಮೂರಲ್ಲೇ. 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದರು. ಅಲ್ಲಿಂದ 1985ರವರೆಗೆ ಒಂದಾದ ಮೇಲೊಂದು ಆರು ಗೆಲುವು. 1989ರಲ್ಲಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. ಅದೇ ಸಲ ಕನಕಪುರದಲ್ಲೂ ನಿಂತಿದ್ದರು, ಅಲ್ಲೂ ಜನ ಕೈ ಹಿಡಿಯಲಿಲ್ಲ.

ಗೌಡರ ಕಥೆ ಮುಗಿಯಿತು ಅಂತ ಆಗ ತುಂಬಾ ಜನ ಅಂದುಕೊಂಡಿದ್ದರು. ಎರಡೇ ವರ್ಷಕ್ಕೆ, 1991ರಲ್ಲಿ, ಹಾಸನದಿಂದ ಲೋಕಸಭೆಗೆ ಹೋದರು. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿ. 1996ರ ಜೂನ್ 1ಕ್ಕೆ ಪ್ರಧಾನಿ. 1998ರಲ್ಲಿ ಮತ್ತೆ ಹಾಸನದ ಸಂಸದರಾದರು. ಮರುವರ್ಷವೇ ಅದೇ ಪುಟ್ಟಸ್ವಾಮಿಗೌಡರು ಲೋಕಸಭೆಯಲ್ಲೂ ಸೋಲಿಸಿದರು. ಪ್ರಧಾನಿಯಾಗಿದ್ದವರನ್ನೇ ಹಾಸನ ಮನೆಗೆ ಕಳಿಸಿತ್ತು! ಅಪ್ಪನಿಗೆ ಇದನ್ನು ನೆನಪಿಸಿ.

2002ರ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ವಾಪಸ್ ಬಂದರು. 2004, 2009, 2014ರಲ್ಲಿ ಹಾಸನ ಅವರ ಕೈಯಲ್ಲೇ ಇತ್ತು. 2019ರಲ್ಲಿ ಹಾಸನವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟು ತುಮಕೂರಿಗೆ ಹೋದರು. ಅಲ್ಲಿ 13 ಸಾವಿರ ಮತಗಳಿಂದ ಸೋತರು.

ಇನ್ನು ಚಿಕ್ಕಪ್ಪನ ಮಾತು. ಜಾತಿ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಪುಟ್ಟಸ್ವಾಮಿಗೌಡರೂ ಒಕ್ಕಲಿಗರೇ ಅಲ್ವಾ? ಎದುರಾಳಿಯೂ ಅದೇ ಜಾತಿಯವರಾದಾಗ ಗೆಲ್ಲಿಸೋದು ಬೇರೆ ಏನೋ ಇರಬೇಕು. ನನ್ನ ಪ್ರಕಾರ ಅದು ನೀರು ಮತ್ತು ಜನ. ಎಂಬತ್ತರ ದಶಕದಲ್ಲಿ ನೀರಾವರಿ, ಲೋಕೋಪಯೋಗಿ ಎರಡೂ ಖಾತೆ ಅವರ ಕೈಯಲ್ಲಿದ್ದವು. ಹೇಮಾವತಿ ನಾಲೆಯ ಬಗ್ಗೆ ಯಾರಾದರೂ ಮಾತು ತೆಗೆದರೆ, ಯಾವ ತೂಬಿನಿಂದ ಯಾವ ಊರಿಗೆ ನೀರು ಅಂತ ಬಾಯಲ್ಲೇ ಹೇಳುವ ರಾಜಕಾರಣಿ ಅವರು. ಜೊತೆಗೆ ತಾಲ್ಲೂಕಿಗೆ ಒಬ್ಬೊಬ್ಬರು ಗಟ್ಟಿ ಕಾರ್ಯಕರ್ತರಿದ್ದರು. ಗೌಡರು ಸೋತಾಗಲೂ ಅವರು ಜಾಗ ಬಿಟ್ಟು ಕದಲಲಿಲ್ಲ. 1989ರ ಸೋಲಿಂದ ಅಷ್ಟು ಬೇಗ ಎದ್ದು ನಿಂತಿದ್ದು ಅವರ ಬಲದಿಂದ.

ಪ್ರಶ್ನೆ: ನಮ್ಮ ಕಡೂರು ಇರೋದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಲೋಕಸಭೆಗೆ ವೋಟು ಹಾಕೋದು ಹಾಸನಕ್ಕೆ. ಇಲ್ಲಿ ಎಲ್ಲರೂ ದಳ (ಜೆಡಿಎಸ್) ಮುಗಿದೇ ಹೋಯ್ತು ಅಂತಿದ್ದಾರೆ. ನಿಜಾನಾ?
– ಓದುಗರೊಬ್ಬರು, ಕಡೂರು

ಉತ್ತರ: ಮುಗಿದಿಲ್ಲ. ಆದರೆ ಕರಗುತ್ತಿದೆ, ಅದನ್ನು ಮುಚ್ಚಿಡೋದು ಬೇಡ. ವಿಧಾನಸಭೆಯಲ್ಲಿ 2004ರಲ್ಲಿ 58 ಸ್ಥಾನ ಇತ್ತು. 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ಹಾಸನ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ 2018ರಲ್ಲಿ ಆರು ದಳದ್ದಾಗಿದ್ದವು, ಈಗ ನಾಲ್ಕು.

ಈ ಏಳರಲ್ಲಿ ಎರಡನ್ನು ಹತ್ತಿರದಿಂದ ನೋಡಿ. ಹಾಸನ ನಗರದ ಟಿಕೆಟ್‌ಗೆ 2023ರಲ್ಲಿ ಗೌಡರ ಸೊಸೆ ಭವಾನಿ ರೇವಣ್ಣ ಅವರ ಹೆಸರು ಜೋರಾಗಿ ಓಡಾಡಿತ್ತು. ಕೊನೆಗೆ ಟಿಕೆಟ್ ಸಿಕ್ಕಿದ್ದು ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರ ಮಗ ಸ್ವರೂಪ್‌ಗೆ. ಅವರು ಬಿಜೆಪಿಯ ಹಾಲಿ ಶಾಸಕ ಪ್ರೀತಂ ಗೌಡರನ್ನು ಸೋಲಿಸಿದರು. ಅರಸೀಕೆರೆಯಲ್ಲಿ ಇದಕ್ಕೆ ತದ್ವಿರುದ್ಧ. ದಳದಿಂದ ಮೂರು ಸಲ ಗೆದ್ದಿದ್ದ ಶಿವಲಿಂಗೇಗೌಡರು ಪಕ್ಷ ಬಿಟ್ಟು ಕಾಂಗ್ರೆಸ್ಸಿಗೆ ಹೋದರು. ಕ್ಷೇತ್ರವೂ ಅವರ ಹಿಂದೆಯೇ ಹೋಯಿತು. ಗೌಡರ ಕುಟುಂಬದ ಹೊರಗಿನವರಿಗೆ ಜಾಗ ಕೊಟ್ಟ ಕಡೆ ದಳ ಉಳಿಯಿತು, ತಾಲ್ಲೂಕು ನಾಯಕ ಮುನಿಸಿಕೊಂಡ ಕಡೆ ನೆಲ ಕಳೆದುಕೊಂಡಿತು. ಪಕ್ಷದ ನಾಳೆ ನಿಂತಿರೋದು ಇದರ ಮೇಲೆ ಅಂತ ನನ್ನ ಖಚಿತ ಅಭಿಪ್ರಾಯ.

2024ರ ಲೋಕಸಭೆ ಬಗ್ಗೆ ಹೇಳಲೇಬೇಕು. 2019ರಲ್ಲಿ 1.41 ಲಕ್ಷ ಅಂತರದಿಂದ ಗೆದ್ದಿದ್ದ ಪ್ರಜ್ವಲ್ ಈ ಸಲ 42 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದಿದ್ದು ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್‌ಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ತೆನೆ ಹೊತ್ತ ಮಹಿಳೆ ಈ ಪಕ್ಷದ ಗುರುತು. ಈ ಜಿಲ್ಲೆಯ ಹೆಣ್ಣುಮಕ್ಕಳು ಅನುಭವಿಸಿದ ನೋವು, ಅವಮಾನ ಸಣ್ಣದಲ್ಲ. ಬಿಜೆಪಿ ಜೊತೆಗಿನ ಮೈತ್ರಿಯ ಲೆಕ್ಕಾಚಾರ ಆಮೇಲೆ ಇರಲಿ, ಮೊದಲು ನಾಯಕರು ಅವರ ಎದುರು ನಿಂತು ತಪ್ಪಾಯಿತು ಅನ್ನಬೇಕು.

ಮೈತ್ರಿಯಿಂದ ಲಾಭ ಆಗಿಲ್ಲ ಅಂತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿದ ಮೇಲೆ ಮಂಡ್ಯ, ಕೋಲಾರ ಎರಡೂ ಸಿಕ್ಕವು. ಗೌಡರ ಮಗ ಕುಮಾರಸ್ವಾಮಿ ಕೇಂದ್ರ ಸಚಿವರಾದರು. ಪೇಚು ಇರೋದು ಕೆಳಗೆ. ಬೇಲೂರು, ಸಕಲೇಶಪುರ 2018ರಲ್ಲಿ ದಳದ್ದಾಗಿದ್ದವು, ಈಗ ಬಿಜೆಪಿಯವು. ಗೆದ್ದವರಿಗೇ ಸೀಟು ಅಂದರೆ ಅಲ್ಲಿನ ದಳದ ಕಾರ್ಯಕರ್ತ ಇನ್ನು ಯಾರಿಗಾಗಿ ಓಡಾಡಬೇಕು? ಇಷ್ಟು ವರ್ಷ ಕಮಲದ ವಿರುದ್ಧ ಬೂತಲ್ಲಿ ಕೂತವನಿಗೆ ಈಗ ಅದಕ್ಕೇ ವೋಟು ಕೇಳು ಅಂದರೆ ಸುಲಭವಾ?

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. ಅವಧಿ 2021ಕ್ಕೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಇದರಿಂದ ಎಲ್ಲ ಪಕ್ಷಕ್ಕೂ ಪೆಟ್ಟು ಬಿದ್ದಿದೆ, ದಳಕ್ಕೆ ಜಾಸ್ತಿ. ಹಳ್ಳಿ ಹುಡುಗ ಅಥವಾ ಹುಡುಗಿ ಲೀಡರ್ ಆಗಿ ಬೆಳೆಯೋ ಮೆಟ್ಟಿಲೇ ಅದು.

ಪ್ರಶ್ನೆ: ಬಿಜೆಪಿ ಜೊತೆ ದಳ ವಿಲೀನ ಆಗುತ್ತಾ? ನಿಖಿಲ್ ಪಕ್ಷ ನಡೆಸಬಲ್ಲರಾ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ವಿಲೀನ ಸದ್ಯಕ್ಕೆ ಆಗಲ್ಲ ಅನಿಸುತ್ತೆ. ಸ್ವಂತ ಚಿಹ್ನೆ ಇದ್ದರೇ ಸೀಟು ಹಂಚಿಕೆಯಲ್ಲಿ ಮಾತಿಗೆ ಬೆಲೆ. ಕುಮಾರಸ್ವಾಮಿ ಅವರ ಮಗ ನಿಖಿಲ್ 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರಲ್ಲಿ ಚನ್ನಪಟ್ಟಣದಲ್ಲಿ ಸೋತಿದ್ದಾರೆ. ಮೂರು ಸೋಲಿಗೆ ಯಾರೂ ಮುಗಿದುಹೋಗಲ್ಲ. ಆದರೆ ಮೂರಕ್ಕೆ ಮೂರು ಬೇರೆ ಬೇರೆ ಊರು. ಅವರು ಒಂದು ತಾಲ್ಲೂಕು ಹಿಡಿದು, ಐದು ವರ್ಷ ಅಲ್ಲೇ ಇದ್ದು, ಅಲ್ಲಿನ ನಾಲೆ, ಆಸ್ಪತ್ರೆ, ಬಸ್ಸಿನ ಕೆಲಸಕ್ಕೆ ಓಡಾಡಲಿ. ಅಷ್ಟರಲ್ಲಿ ನಿಮ್ಮ ಚನ್ನರಾಯಪಟ್ಟಣದಂಥ ಊರಲ್ಲಿ ಗೌಡರ ಕುಟುಂಬಕ್ಕೆ ಸೇರದ ನಾಲ್ಕೈದು ಹೊಸಬರಿಗೆ ಪಕ್ಷ ಜವಾಬ್ದಾರಿ ಕೊಡಲಿ.